ಯಾರೂ ಬಾಯಿ ಮಾಡದ ಒಂದು ಗಂಟೆ

ಮೊನ್ನೆ ಆಫೀಸಿನಲ್ಲಿ ಯಾರೋ ನೀಲಗಿರಿ ಎಣ್ಣೆಯ ಶೀಶೆ ತೆರೆದರು. ಆ ವಾಸನೆಗೆ ಮೇಡಂ ನೆನಪಾದರು. ಹಿಂದೆಯೇ ಆ ಸಿರಿಂಜೂ...

ಆಗ ತ್ಯಾಗರಾಜನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಆಸ್ಪತ್ರೆಗಳ ದಾಖಲೆಗಳಿಗೆ ಬೀಗ ಹಾಕುವ, ತೆಗೆಯುವ ಗೂಢಲಿಪಿ ಸಾಫ್ಟ್‌ವೇರ್ ಲೈಬ್ರರಿ ನಮ್ಮದು. ಅದರಲ್ಲೊಂದು ಫಂಕ್ಷನ್, ಅಂದರೆ ಬೀಗದ ಕೆಲಸ ಮಾಡುವ ಕೋಡಿನ ತುಣುಕು, ತೀರ ಹಳೆಯದಾಗಿತ್ತು. ಅದು ಹಾಕಿದ ಬೀಗವನ್ನು ಯಾರು ಬೇಕಾದರೂ ಒಡೆಯಬಹುದಿತ್ತು. ಅದನ್ನು ತೆಗೆದುಹಾಕಲೇಬೇಕೆಂದು ನಮ್ಮ ಟೀಮಿನ ಹಿರಿಯರಾದ ಮೇಡಂ ಹಟ ಹಿಡಿದರು. ಆದರೆ ಅವರು ಯಾವುದನ್ನೂ ಒಮ್ಮೆಲೇ ಕಿತ್ತುಹಾಕಿದವರಲ್ಲ. ಮೊದಲು ಎಲ್ಲರಿಗೂ ತಿಳಿಸಿ, ಒಂದು ಗಂಟೆ ಮಾತ್ರ ಅದನ್ನು ಆರಿಸಿಡುವರು.

"ಫೋನ್ ಹತ್ರ ಕೂತ್ಕೋ. ಇನ್ನೂ ಅದನ್ನೇ ನೆಚ್ಕೊಂಡಿರೋರು ಬಾಯಿ ಮಾಡ್ತಾರೆ," ಎಂದು ನಕ್ಕು, ಹಣೆಗೆ ಎಣ್ಣೆ ತಿಕ್ಕಿಕೊಂಡು ಹೋದರು.

ಒಂದೇ ಕರೆ ಬಂತು, ಚಾಮರಾಜಪೇಟೆಯ ನರ್ಸಿಂಗ್ ಹೋಮಿನಿಂದ. "ಹಳೇ ಫೈಲ್ ಯಾಕೋ ಓಪನ್ ಆಗ್ತಿಲ್ಲ ಕಣ್ರೀ... ಪರವಾಗಿಲ್ಲ ಬಿಡಿ, ಡಾಕ್ಟ್ರೂ ಊಟಕ್ಕೆ ಹೋಗಿದಾರೆ," ಎಂದರು ರಿಸೆಪ್ಷನಿನವರು, ನನಗೇ ತೊಂದರೆ ಕೊಟ್ಟವರಂತೆ. ಗಂಟೆ ಮುಗಿದ ಮೇಲೆ ವಿಚಾರಿಸಿದೆ. "ಈಗ ಬರ್ತಿದೆ!" ಎಂದರು. ಅವರ ನೆಟ್ ಸರಿಯಿರಲಿಲ್ಲವೇನೋ ಅಂದುಕೊಂಡೆ. ಯಾರೂ ಬಾಯಿ ಮಾಡಲಿಲ್ಲ ಎಂದು ಮೇಡಂಗೆ ಹೇಳಿದೆ.

ಫಂಕ್ಷನ್ ಹೋಯಿತು.

ಮುಂದಿನ ವಾರ ಬೇರೆ ಕೆಲಸಕ್ಕೆ ಅದೇ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಏದುಸಿರು ಬಿಡುತ್ತಿದ್ದ ಒಬ್ಬರನ್ನು ಮಗಳು ಹಿಡಿದುಕೊಂಡು ಬಂದಳು. ಹಳೆಯ ಪೇಷಂಟು, ದಾಖಲೆ ತೆರೆಯಲಿಲ್ಲ. ನರ್ಸ್ ಆಗಲೇ ಸಿರಿಂಜ್ ತುಂಬಿದ್ದರು. ಸೂಜಿಯ ತುದಿಯಲ್ಲೊಂದು ಹನಿ... ಮೇಡಂಗೆ ಫೋನ್ ಮಾಡಿದೆ.

"ಯಾವ ಔಷಧಿ ಒಗ್ಗಲ್ಲ ಅಂತ ಅದ್ರಲ್ಲೇ ಇರತ್ತೆ ಕಣೇ. ತಡೀರಿ ಅನ್ನು! ಹಳೇದನ್ನ ವಾಪಸ್ ಹಾಕ್ತಿದೀನಿ."

ನಾನು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ದಾಖಲೆ ತೆರೆದಾಗ ಮೊದಲ ಸಾಲಿನಲ್ಲೇ ಇತ್ತು: ಆ ಚುಚ್ಚುಮದ್ದನ್ನು ಅವರಿಗೆ ಕೊಡಲೇಬಾರದು. ಬೇರೆ ಕೊಟ್ಟರು. ಉಳಿದರು.

ಆಟೋದಲ್ಲಿ ಓಡಿಬಂದ ಮೇಡಂ ಡಾಕ್ಟರ ಮುಂದೆ ನಿಂತು, "ತೆಗ್ದಿದ್ದು ನಾನು," ಎಂದರು. ಆ ಒಂದು ಗಂಟೆ ಫೋನ್ ಎತ್ತಿದ್ದು ಯಾರೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಅವರು ಕೇಳಿದ್ದಿಷ್ಟೇ: "ಏನಾದ್ರೂ ತಿಂದ್ಯೇನೇ?"

ಸ್ವಲ್ಪ ದಿನಕ್ಕೆ ಅವರ ಕೆಲಸ ಹೋಯಿತು. ನನ್ನದು ಉಳಿಯಿತು. ನೋಡಲು ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ... ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು.

ಈಗ ಹಳೆಯ ಫಂಕ್ಷನ್‌ಗಳನ್ನು ತೆಗೆಯುವ ಹೊಣೆ ನನ್ನದು. ಆ ಒಂದು ಗಂಟೆ ಫೋನಿನ ಬಳಿ ನಾನೇ ಕೂರುತ್ತೇನೆ. ಮೊನ್ನೆಯೂ ಕೂತಿದ್ದೆ, ನೀಲಗಿರಿ ಎಣ್ಣೆಯ ವಾಸನೆಯ ನಡುವೆ. ಆ ಕಡೆಯಿಂದ ಯಾರೋ, "ಪರವಾಗಿಲ್ಲ ಬಿಡಿ," ಎಂದರು.

"ಬಿಡಲ್ಲ ರೀ. ಏನು ಓಪನ್ ಆಗ್ಲಿಲ್ಲ, ಹೇಳಿ."

ಎಲ್ಲ ಕೇಳಿಕೊಂಡು, ಮೇಡಂಗೆ ಹೇಳಲೆಂದು ತಿರುಗಿದೆ.