ಅತ್ತೆಯವರೊಡನೆ ಕಮಲಾಪುರದ ಕೊಳ್ಳಕ್ಕೆ

ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯ ಮುಂದೆ ಹುಸೇನಸಾಬರ ಬಂಡಿ ಬಂದು ನಿಂತಾಗ ಇನ್ನೂ ಹೊತ್ತು ಹುಟ್ಟಿರಲಿಲ್ಲ. ಯುಗಾದಿ ಕಳೆದು ನಾಲ್ಕಾರು ದಿನವಾಗಿತ್ತು. ಕಮಲಾಪುರ ಕಲಬುರಗಿಯಿಂದ ಸುಮಾರು ಏಳು ಹರದಾರಿ. ಬಿಸಿಲೇರುವ ಮೊದಲೇ ಅರ್ಧ ದಾರಿ ಸವೆಸಬೇಕೆಂದು ಹೆಂಡತಿ ಗುರುಬಾಯಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ಸಿದ್ಧಳಾಗಿದ್ದಳು. ನಾನು ಕ್ಯಾಮೆರಾದ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿಟ್ಟು, ಚಿತ್ರ ಮೂಡುವ ಮೂರು ಗಾಜಿನ ಹಲಗೆಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

"ಏನ್ರೀ ಸಾವ್ಕಾರ್ರ, ಕೂಸಿನ ಹಂಗ ಹಿಡ್ಕೊಂಡೀರಿ?" ಎಂದು ಹುಸೇನಸಾಬರು ನಕ್ಕರು.

"ಕೂಸು ತಾನ ಅಳ್ತದ ಸಾಬ್ರ. ಇದು ನಮ್ಮನ್ನ ಅಳಸ್ತದ" ಎಂದಳು ಗುರುಬಾಯಿ.

ನನ್ನದು ಅರಿವೆ ಅಂಗಡಿ. ಫೋಟೋ ಹಿಡಿಯುವುದು ನನಗಂಟಿದ ಹುಚ್ಚು. ಕಮಲಾಪುರ ಗುರುಬಾಯಿಯ ತವರು. ಅದರಾಚೆಯ ಕಾಡಿನಲ್ಲಿ, ಬೇಸಿಗೆಯಲ್ಲೂ ಬತ್ತದ ನೀರೊಂದು ಬಂಡೆಯಿಂದ ಧುಮುಕುತ್ತದೆಂದು ಅವಳು ಹೇಳಿದಾಗಿನಿಂದ ನನಗೆ ಅದರದೇ ಗುಂಗು. ಅವಳಿಗೆ ಬೇಕಾಗಿದ್ದುದೇ ಬೇರೆ. ತಾಯಿ ನೀಲಮ್ಮನವರ ಒಂದು ಫೋಟೋ. ತವರಿಗೆ ಹೋಗುವುದು ವರ್ಷಕ್ಕೊಮ್ಮೆ, ಉಳಿದ ದಿನ ನೋಡಿಕೊಳ್ಳಲು ಅವ್ವನ ಮುಖವೊಂದು ಮನೆಯಲ್ಲಿರಲಿ ಎಂಬ ಆಸೆ.

ತಾಜಸುಲ್ತಾನಪುರ ದಾಟುವಾಗ ಬಿಸಿಲು ಬಿತ್ತು. ಎರಡೂ ಬದಿಗೆ ಜೋಳ ಕೊಯ್ದ ಕರಿ ಹೊಲಗಳು ಬಾಯಿಬಿಟ್ಟು ಮಲಗಿದ್ದವು. ಮಹಾಗಾಂವದಲ್ಲಿ ಹೂಬಿಟ್ಟ ಬೇವಿನ ಕೆಳಗೆ ಬುತ್ತಿ ಬಿಚ್ಚಿ ಉಂಡೆವು. ಮುಂದೆ ಒಂದು ಒಣ ಹಳ್ಳದಲ್ಲಿ ಗಾಲಿ ಕಲ್ಲಿಗೆ ಬಡಿದು ಬಂಡಿ ಎಗರಿತು. ಡಬ್ಬಿಯೊಳಗೆ ಚಟ್ಟೆಂದ ಸದ್ದಾಯಿತು. ಒಂದು ಹಲಗೆ ಸೀಳಿತ್ತು. ಹುಸೇನಸಾಬರು ಎತ್ತುಗಳಿಗೆ ಉರ್ದುವಿನಲ್ಲಿ ಬೈದು, ನನಗೆ ಕನ್ನಡದಲ್ಲಿ ಮಾಫಿ ಕೇಳಿದರು.

ಮಣ್ಣು ಕೆಂಪಾಗುತ್ತ ಬಂದಂತೆ ಕಮಲಾಪುರ ಬಂತು. ನೀಲಮ್ಮನವರು ಕಾಲಿಗೆ ನೀರು ಕೊಟ್ಟು, ತೋಟದ ಕೆಂಪು ಬಾಳೆಹಣ್ಣನ್ನು ಸಿಪ್ಪೆ ಸುಲಿದೇ ಕೈಗಿಟ್ಟರು. ಫೋಟೋದ ಮಾತೆತ್ತಿದೊಡನೆ ಮಾತ್ರ ಮುಖ ತಿರುಗಿಸಿದರು.

"ಒಲ್ಲೆವ್ವಾ. ಪಕ್ಕದ ಓಣ್ಯಾನ ಸೆಟ್ರು ಫೋಟೋ ತೆಗಿಸ್ಕೊಂಡು ವರ್ಷ ತುಂಬೂದ್ರಾಗ ಹೋಗಿಬಿಟ್ರು. ಆಯುಷ್ಯ ಕಡಿಮಿ ಆಗ್ತದಂತ."

ಗುರುಬಾಯಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ನಾವು ಕೊಳ್ಳಕ್ಕೆ ಹೊರಟಾಗ ನೀಲಮ್ಮನವರು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಮೊಳಕಾಲು ಹಿಡದಾಗಿಂದ ಆ ನೀರು ಕಂಡಿಲ್ಲ." ಮಗ ಚನ್ನಪ್ಪ ಬೇಡವೆಂದ. ಅವರು ಕೇಳಲಿಲ್ಲ. ಕೊನೆಗೆ ಸಾಧು ಎತ್ತಿನ ಬೆನ್ನಿಗೆ ಕಂಬಳಿ ಹಾಕಿ ಕೂರಿಸಿದ. ದಾರಿಯಲ್ಲಿ ಸಿಕ್ಕ ರೈತನೊಬ್ಬ ನನ್ನ ಮೂರು ಕಾಲಿನ ಸ್ಟ್ಯಾಂಡು ಕಂಡು, ಸರಕಾರದ ಮೋಜಣಿಯವನೆಂದು ತಿಳಿದು ಹೊಲದ ಬದುವಿನ ತಕರಾರು ಹೇಳತೊಡಗಿದ. "ಇವ್ರು ನಮ್ಮ ಅಳಿಯಪ್ಪ. ನೀರಿನ ಫೋಟೋ ತೆಗಿಲಿಕ್ಕಿ ಬಂದಾರ" ಎಂದು ನೀಲಮ್ಮನವರು ಎತ್ತಿನ ಮೇಲಿನಿಂದಲೇ ಹೆಮ್ಮೆಯಿಂದ ಸಾರಿದರು.

ಮುತ್ತುಗದ ಹೂವು ಉದುರಿ ಕಾಲುದಾರಿ ಕೆಂಪಾಗಿತ್ತು. ಇಳಿಜಾರಿನ ಕೊನೆಯಲ್ಲಿ ಎತ್ತೂ ಹೋಗದಾಯಿತು. ಚನ್ನಪ್ಪ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಬೇರು ಹಿಡಿದು ಹಿಡಿದು ಇಳಿದ. ಒಮ್ಮೆ ಅವನ ಕಾಲು ಜಾರಿತು. "ಗಟ್ಟಿ ಹೆಜ್ಜಿ ಇಡೋ, ನಾ ಹಿಡ್ಕೊಂಡೀನಿ" ಎಂದು ಅವನ ಬೆನ್ನ ಮೇಲಿದ್ದ ನೀಲಮ್ಮನವರೇ ಧೈರ್ಯ ಹೇಳಿದರು.

ನೀರು ದೊಡ್ಡದೇನಲ್ಲ. ಹೆಗಲ ಮೇಲಿನ ಶಲ್ಯದಷ್ಟು ಅಗಲ. ಆದರೆ ಸುತ್ತಲೂ ಕಾದು ಕೂತ ನೆಲದ ನಡುವೆ ಅದು ಕೆಂಪು ಬಂಡೆಯಿಂದ ತಣ್ಣಗೆ ಇಳಿಯುತ್ತಿತ್ತು. ನಾನು ಸ್ಟ್ಯಾಂಡು ಹೂಡಿದೆ. ಕರಿ ಬಟ್ಟೆಯೊಳಗೆ ತಲೆ ಹಾಕಿ ಒಂದು ಹಲಗೆ ತೆರೆದೆ. ಅಷ್ಟರಲ್ಲಿ ಗಾಳಿ ಎದ್ದು ಕೊಂಬೆಗಳೆಲ್ಲ ತೂಗಾಡಿದವು. ಅದು ಕೆಟ್ಟಿತೆಂದೇ ಖಾತ್ರಿಯಾಯಿತು. ಉಳಿದದ್ದು ಒಂದೇ. ಗಾಳಿ ನಿಲ್ಲಲೆಂದು ಕಾಯುತ್ತ ಕುಳಿತೆ.

ನೀರಿನ ಬುಡದಲ್ಲಿ ಕುಳಿತು ಕಾಲು ನೆನೆಸುತ್ತಿದ್ದ ನೀಲಮ್ಮನವರು ಇದ್ದಕ್ಕಿದ್ದಂತೆ ಕೇಳಿದರು, "ಇದರ ಫೋಟೋ ತೆಗದ್ರಲ್ಲ, ಇದು ಬತ್ತತದೇನು?"

"ಇಲ್ರೀ ಅತ್ತಿಯವ್ರ. ಹರೀತಾನೇ ಇರ್ತದ."

ಅವರು ಬೀಳುವ ನೀರಿಗೆ ಕೈಯೊಡ್ಡಿ ನೋಡಿದರು. ಆಮೇಲೆ ಮಗಳತ್ತ ತಿರುಗಿ, "ಹಂಗಾರ ನಂದೂ ತೆಗೀಲಿ. ನೀರೇ ಅಂಜಿಲ್ಲ, ನಾ ಯಾಕ ಅಂಜಲಿ? ಇದರ ಸಂಗಾಟ ಇದ್ರ ನನಗೇನೂ ಆಗಾಂಗಿಲ್ಲ" ಎಂದರು.

ಆ ಕೊನೆಯ ಹಲಗೆ ನಾನು ಜಲಪಾತಕ್ಕೆಂದೇ ಉಳಿಸಿಕೊಂಡದ್ದು. ಗುರುಬಾಯಿ ನನ್ನನ್ನು ನೋಡಿದಳು. ನಾನು ಕ್ಯಾಮೆರಾವನ್ನು ಅತ್ತೆಯವರ ಹತ್ತಿರಕ್ಕೆ ತಂದು ನಿಲ್ಲಿಸಿದೆ. ಅವರ ತಲೆಯ ಮೇಲಿನ ಸೆರಗು ಜಾರಿ ಬೆಳ್ಳಗೆ ನೆರೆತ ಕೂದಲು ಕಾಣುತ್ತಿತ್ತು. ಸರಿಪಡಿಸಲು ಗುರುಬಾಯಿ ಮುಂದೆ ಬಂದಾಗ, "ಇರ್ಲಿ ಬಿಡೆ, ಇಲ್ಲಿ ಯಾರದಾರ?" ಎಂದು ಅವರೇ ತಡೆದರು. ಗಾಳಿ ನಿಂತಿತು. ಉಸಿರು ಬಿಗಿಹಿಡಿಯಿರೆಂದೆ. ಹಿಡಿದರು. ಮುಗಿಯಿತೆಂದಾಗ ಎಲ್ಲರೂ ಒಟ್ಟಿಗೇ ಉಸಿರುಬಿಟ್ಟು ನಕ್ಕೆವು.

ಎರಡು ದಿನ ಉಳಿದು ಕಲಬುರಗಿಗೆ ಮರಳಿದೆವು. ಬಂದ ಮರುದಿನವೇ ಕಿಟಕಿಗಳಿಗೆ ಕಂಬಳಿ ಕಟ್ಟಿ, ಕೆಂಪು ಕಂದೀಲಿನ ಬೆಳಕಿನಲ್ಲಿ ಹಲಗೆಗಳನ್ನು ತೊಳೆದೆ. ಮೊದಲನೆಯದು ಎಣಿಸಿದಂತೆಯೇ ಕೆಟ್ಟಿತ್ತು. ಎರಡನೆಯದರಲ್ಲಿ ನೀರೂ ಅತ್ತೆಯವರೂ ನಿಚ್ಚಳವಾಗಿ ಮೂಡಿದರು. ಗಾಜಿನ ಮೇಲೆ ಎಲ್ಲವೂ ತಿರುವುಮುರುವು. ಬೆಳ್ಳಗಿರುವುದು ಕಪ್ಪು, ಕಪ್ಪಗಿರುವುದು ಬಿಳಿ. ಒಣಗಿದ ಹಲಗೆಯನ್ನು ಗುರುಬಾಯಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅವ್ವನ ಕೂದಲ ನೋಡ್ರೀ," ಎಂದಳು ಮೆಲ್ಲಗೆ. "ಒಂದಾರ ಬಿಳೇದು ಅದ ಏನು? ನಾ ಸಣ್ಣಾಕಿ ಇದ್ದಾಗ ಹಿಂಗೇ ಇತ್ತು."

ಕಾಗದದ ಮೇಲೆ ಇಳಿಸಿದರೆ ಎಲ್ಲ ಮೊದಲಿನಂತೆ ಸರಿಯಾಗುತ್ತದೆ, ಈಗಲೇ ಬಿಸಿಲಿಗಿಡುತ್ತೇನೆ ಎಂದೆ.

"ಇವತ್ತ ಬ್ಯಾಡ್ರಿ," ಎಂದಳು ಅವಳು, ಗಾಜನ್ನು ಕೆಳಗಿಳಿಸದೆ. "ನಾಳಿ ಮಾಡೀರಂತ."