ಚೌಕದ ಕೆಳಗಿನ ಸಾಲು

ಚಿಕ್ಕಬಳ್ಳಾಪುರದ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಇದ್ದದ್ದು ಮೂರೇ ಜನ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಸಂಘಕ್ಕೆ ದಿನದ ಲೆಕ್ಕ ಬರೆದಿಡಲು ಮಾಡಿದ್ದ ವೆಬ್ ಅಪ್ಲಿಕೇಶನ್, ನಾನು ಸೇರಿದ ದಿನವೇ ನನ್ನ ಕೊರಳಿಗೆ ಬಿತ್ತು. ನನಗಿಂತ ಮೊದಲು ಆಫೀಸಿನಲ್ಲಿದ್ದು, ಎರಡು ವರ್ಷ ಕೂತು ಅದನ್ನು ಕಟ್ಟಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು; ಅವರು ಶಿಡ್ಲಘಟ್ಟದವರೇ. ಮಗುವಾದ ಮೇಲೆ ಕೆಲಸ ಬಿಟ್ಟು ಚಿಂತಾಮಣಿಯ ಗಂಡನ ಮನೆಯಲ್ಲಿದ್ದರು.

ಮೊದಲ ವಾರವೇ ನಾನು ಅವರ ಕೆಲಸದಲ್ಲಿ ಹುಳುಕು ಹುಡುಕಿದೆ. ಯಾವ ಯಾವ ಮಾಹಿತಿ ಬೇಕು ಎಂದು ಹೇಳುವ ಫೈಲು, ಅಂದರೆ ಮಾಡೆಲ್, ಒಂದು; ಅದನ್ನು ತೆರೆಯ ಮೇಲೆ ತೋರಿಸುವ ಪುಟಗಳು ಬೇರೆ. ಮಾಡೆಲ್‌ನಲ್ಲಿ ಅವರು, ಹೆಂಗಸರು ಮಾಹಿತಿ ತುಂಬಬೇಕಾದ ಪ್ರತಿ ಚೌಕಕ್ಕೂ ಹೆಸರಿನ ಜೊತೆ ಒಂದು ವಿವರಣೆ ಬರೆದಿದ್ದರು. ಪುಟದಲ್ಲಿ ಹೆಸರಷ್ಟೇ ಕಾಣುತ್ತಿತ್ತು, ವಿವರಣೆ ಎಲ್ಲೂ ಇಲ್ಲ. 'ಕೆಲಸಕ್ಕೆ ಬಾರದ ಸಾಲುಗಳು, ಅಳಿಸಬೇಕು' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಓದಿ ನೋಡುವ ತಾಳ್ಮೆ ಇರಲಿಲ್ಲ. ಅವು ಉಳಿದದ್ದು ನನ್ನ ಸೋಮಾರಿತನದ ಪುಣ್ಯ.

ಸಂಘದಿಂದ ಫೋನಿನ ಮೇಲೆ ಫೋನು. "ಕೆಟ್ಟ ಗೂಡು ಅಂತ ಇದ್ಯಲ್ಲಪ್ಪ, ಅಲ್ಲಿ ಕೇಜಿ ಹಾಕೋದಾ, ಎಣಿಸಿ ಹಾಕೋದಾ?" ಮಂಡಿಕಲ್ಲಿನ ದ್ರಾಕ್ಷಿ ತೋಟದವನಾದ ನನಗೇನು ಗೊತ್ತು? ಕೊನೆಗೆ ಸಂಘದ ಕಾರ್ಯದರ್ಶಿಯೇ ಹೇಳಿದರು: "ಸೋಮವಾರದವರ್ಗೂ ನೋಡ್ತೀವಿ. ಆಗಲ್ಲಾಂದ್ರೆ ಬಿಟ್ಬಿಡ್ತೀವಿ. ನಮ್ಗೆ ನಮ್ ಪುಸ್ತಕಾನೇ ಸಾಕು." ಅಕ್ಕನ ಎರಡು ವರ್ಷದ ಕೆಲಸ ಮೂಲೆ ಸೇರುವುದರಲ್ಲಿತ್ತು.

ಶನಿವಾರ ಒಂದೊಂದೇ ಪುಟಕ್ಕೆ ನಾನೇ ವಿವರಣೆ ಬರೆಯಲು ಕೂತೆ. 'ಕೆಟ್ಟ ಗೂಡು' ಬಂದಾಗ ಏನು ಬರೆಯುವುದೆಂದು ತಿಳಿಯದೆ ಮಾಡೆಲ್ ತೆಗೆದರೆ, ಅಲ್ಲಿತ್ತು: "ಹತ್ತು ಗೂಡು ತಗೊಂಡು ಒಂದೊಂದೇ ಕಿವಿ ಹತ್ರ ಅಲ್ಲಾಡ್ಸಿ. ಒಳಗೆ ಹುಳ ಸತ್ತು ಅಂಟ್ಕೊಂಡಿದ್ರೆ ಸದ್ದು ಬರಲ್ಲ. ಎಷ್ಟು ಸದ್ದು ಮಾಡ್ಲಿಲ್ವೋ ಅಷ್ಟು ಬರೀರಿ." ಮುಂದಿನದು ಓದಿದೆ, ಅದರ ಮುಂದಿನದು. ಹೆಂಗಸರು ಫೋನಿನಲ್ಲಿ ಕೇಳಿದ ಒಂದೊಂದಕ್ಕೂ ಅಲ್ಲಿ ಉತ್ತರವಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ನಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಗೌರವ ಹುಟ್ಟಿತು. ಪುಟ ಮಾಡೆಲ್‌ನಿಂದ ಚೌಕದ ಹೆಸರನ್ನು ತಾನಾಗಿ ತರುತ್ತದೆ. ವಿವರಣೆಯನ್ನು ನಾವು ಕೇಳಿ ತರಿಸಬೇಕು. ಎಲ್ಲ ಪುಟಗಳೂ ಬಳಸುವ ಅಚ್ಚಿನಲ್ಲಿ, ಅಂದರೆ ಟೆಂಪ್ಲೇಟಿನಲ್ಲಿ, ಹಾಗೆ ಕೇಳುವ ಒಂದು ಸಾಲು ಸೇರಿಸಿದೆ. ಪ್ರತಿ ಚೌಕದ ಕೆಳಗೂ ಅಕ್ಕನ ಮಾತು ಬಂದು ಕೂತಿತು.

ಆಗಲೇ ಅವರಿಗೆ ಫೋನು ಮಾಡಿದೆ.

"ಅದನ್ನ ಪುಟದಲ್ಲಿ ತೋರ್ಸೋಕೆ ಟೈಮ್ ಸಿಗ್ಲಿಲ್ಲ ಕಣಪ್ಪ," ಎಂದರು. "ನಮ್ಮಮ್ಮಿ ನೂಲು ಬಿಚ್ತಾ ಹೇಳೋರು, ನಾನು ಪಕ್ಕದಲ್ಲಿ ಕೂತು ಬರ್ಕೊಂಡೆ. ಒಂದಿನ ಯಾರಾದ್ರೂ ತೆಗೆದು ನೋಡ್ತಾರೆ ಅಂತಿದ್ದೆ."

ಸೋಮವಾರ ಶಿಡ್ಲಘಟ್ಟಕ್ಕೆ ಹೋದೆ. ಹೆಂಗಸೊಬ್ಬರು ಚೌಕದ ಕೆಳಗಿನ ಸಾಲು ಓದಿ, ಹತ್ತು ಗೂಡು ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ, ಎರಡು ಎಂದು ಒತ್ತಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾರ್ಯದರ್ಶಿ, "ಇರ್ಲಿ ಬಿಡಪ್ಪ, ನಡೀಲಿ," ಎಂದರು.

ಅಳಿಸಬೇಕು ಎಂದು ಬರೆದುಕೊಂಡ ಆ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.