ಸಾಂಚಿ ಬೆಟ್ಟದ ಮೇಲೆ ಜಾತಿ ಕೇಳಿದರು

"ಬೌದ್ಧರು ಸರಿ, ಅದಕ್ಕೆ ಮುಂಚೆ ಯಾವ ಜನ ನೀವು?"

ಸಾಂಚಿ ಬೆಟ್ಟದ ಮೇಲೆ, ಸ್ತೂಪಕ್ಕೆ ಕೈಮುಗಿದು ಎದ್ದ ಅಮ್ಮನನ್ನು ಹೀಗೆ ಕೇಳಿದವರು ನಮ್ಮ ಪ್ರವಾಸದ ತಂಡದಲ್ಲಿದ್ದ ಬಸವನಗುಡಿಯ ನಿವೃತ್ತ ಶಿಕ್ಷಕಿ. ಅಮ್ಮ ಮುಚ್ಚುಮರೆಯಿಲ್ಲದೆ ಜಾತಿ ಹೇಳಿದರು. ಬೆಳಗ್ಗೆಯಿಂದ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿದ್ದ ಆಕೆ, ಅಮ್ಮ ಚಾಮರಾಜಪೇಟೆಯ ಮನೆಯಲ್ಲಿ ಕರಿದು ತಂದಿದ್ದ ಕೋಡುಬಳೆಯನ್ನು ಅರ್ಧಕ್ಕೇ ನಾಯಿಗೆ ಎಸೆದು ಕೈ ತೊಳೆದುಕೊಂಡರು.

"ಬೆಳಗ್ಗೆಯಿಂದ ತಿಂದಿದ್ದನ್ನ ಏನ್ಮಾಡ್ತೀರಾ ಮೇಡಂ?" ಎಂದೆ. ಆಕೆ ಬಸ್ಸಿನತ್ತ ಹೊರಟರು. ಉಳಿದವರೆಲ್ಲ ಏನೂ ಕೇಳಿಸದವರಂತೆ ಸ್ತೂಪದ ತೋರಣದ್ವಾರದ ಕೆತ್ತನೆ ನೋಡುತ್ತ ನಿಂತರು.

ಸಂಜೆ ಭೋಪಾಲಿನಿಂದ ದೆಹಲಿಗೆ ವಿಮಾನ. ಅಮ್ಮನಿಗೆ ಅದೇ ಮೊದಲನೆಯದು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಆಕೆಯ ಸೀಟು. ಆಕೆ ಬೇರೆ ಜಾಗ ಕೇಳಿದರು. ಎಲ್ಲೂ ಖಾಲಿ ಇರಲಿಲ್ಲ. ಅಮ್ಮನನ್ನು ನನ್ನ ಸೀಟಿಗೆ ಕೂರಿಸಿ ನಡುವೆ ನಾನೇ ಕೂರೋಣವೆಂದು ಎದ್ದೆ. ಅಮ್ಮ ನನ್ನ ಕೈ ಹಿಡಿದು ಕೂರಿಸಿದರು.

"ನಾವ್ಯಾಕೆ ಏಳ್ಬೇಕು? ಕಷ್ಟ ಆದ್ರೆ ಅವ್ರು ನಿಂತ್ಕೊಂಡ್ ಬರ್ಲಿ."

ಆಕೆ ದೆಹಲಿಯವರೆಗೂ ಸೆರಗು ಬಿಗಿಹಿಡಿದು ಕುಳಿತೇ ಬಂದರು.

ಈಗಲೂ ಕೃಷ್ಣರಾಜ ಮಾರುಕಟ್ಟೆಯಲ್ಲಿ ಎದುರಾದರೆ ಅಮ್ಮ ಅವರಿಗೆ ನಮಸ್ಕಾರ ಹೇಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಆಗಬೇಕೆಂದು ಒಮ್ಮೆಯೂ ಅನ್ನಿಸಿಲ್ಲ.